ಎರಡು ಇಂಚು

ಮಾರ್ಚ್ ೩

ಗುಬ್ಬಿಗೆ,

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಹತ್ತು ಸೇರಿಸುತ್ತೀಯ, ಆಮೇಲೆ ಅಕ್ಕತಂಗಿಯರಿಬ್ಬರೂ ಮುಖ ಊದಿಸಿಕೊಂಡು ಫೋನ್ ಇಡುತ್ತೇವೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಪೂರ್ತಿ ಓದು.

ನನಗೊಂದು ಉದ್ದನೆಯ ಗೌನ್ ಬೇಕು, ಏಪ್ರಿಲ್ ಹದಿನೆಂಟಕ್ಕೆ. ನಮ್ಮ ಕಿವುಡ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿದ ಬಡಗಿ ಮೇಷ್ಟ್ರಿಗೆ ಅವತ್ತು ಪುರಭವನದಲ್ಲಿ ಸನ್ಮಾನ. ಅವರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವರು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಬೇಕು, ಉಳಿದವರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳಬೇಕು. ಹದಿನೆಂಟು ವರ್ಷದಿಂದ ಮಾಡುತ್ತಿರುವ ಕೆಲಸ, ಹೊಸದೇನಲ್ಲ. ಆದರೆ ಈ ಸಲ ಮೇಷ್ಟ್ರು ಸಮಿತಿಗೆ ಬರೆದು ಕೊಟ್ಟಿದ್ದಾರೆ, ನನ್ನ ಮಾತು ಇವರ ಬಾಯಲ್ಲೇ ಬರಬೇಕು, ಬೇರೆಯವರು ಬೇಡ ಎಂದು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿ ಬಂತು, ನಿನ್ನ ಹತ್ತಿರ ಸುಳ್ಳು ಯಾಕೆ.

ಅದರ ಬೆನ್ನಿಗೇ ಸಮಿತಿಯ ಕಾರ್ಯದರ್ಶಿಗಳ ಪತ್ರ ಬಂತು. ವೇದಿಕೆಯ ಮೇಲಿರುವವರೆಲ್ಲ ಸಮಾರಂಭಕ್ಕೆ ತಕ್ಕ ಉಡುಪಿನಲ್ಲಿರಬೇಕಂತೆ. ಹೋದ ವರ್ಷದ ಹಾಗೆ ಸ್ವೆಟರ್ ಬೇಡವಂತೆ. ‘ಸೂಕ್ತ ಉಡುಪು ಹೊಂದದಿದ್ದಲ್ಲಿ’ ಪರದೆಯ ಹಿಂದಿನಿಂದ ಅನುವಾದ ಮಾಡಬಹುದಂತೆ. ಪರದೆಯ ಹಿಂದೆ ನಿಂತು ಸನ್ನೆ ಮಾಡಿದರೆ ಯಾರಿಗೆ ಕಾಣುತ್ತದೆ, ಪರದೆಗಾ? ಇಂಥವರು ಕಿವುಡರ ಶಾಲೆಯ ಸಮಿತಿಯಲ್ಲಿದ್ದಾರೆ ನೋಡು. ಓದಿ ಮೈಯೆಲ್ಲ ಉರಿದುಹೋಯಿತು.

ಮೂರು ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಡಿ ಅಂಗಡಿ ಅಲೆದೆ. ಮೊದಲನೆಯದರಲ್ಲಿ, ಇದು ಫ್ರೀ ಸೈಜ್, ಎಲ್ಲರಿಗೂ ಆಗುತ್ತದೆ ಎಂದರು. ಅವರ ‘ಎಲ್ಲರೂ’ ಎನ್ನುವ ಪಟ್ಟಿಯಲ್ಲಿ ನಾನಿಲ್ಲ, ಒಂದು ತೋಳು ಕೂಡ ಒಳಗೆ ಹೋಗಲಿಲ್ಲ. ಎರಡನೆಯದರಲ್ಲಿ ‘ತುಂಬು ಮೈಯವರಿಗೆ’ ಎಂದು ಬೋರ್ಡು ಹಾಕಿದ ಜಾಗ ಮೂರನೇ ಮಹಡಿಯ ಮೂಲೆಯಲ್ಲಿದೆ, ಸೂಟ್‌ಕೇಸುಗಳ ಆಚೆಗೆ. ನಮ್ಮಂಥವರನ್ನು ಯಾರೂ ನೋಡದಿರಲಿ ಎಂದೋ, ಮೆಟ್ಟಿಲು ಹತ್ತಿಯಾದರೂ ಕರಗಲಿ ಎಂದೋ ಗೊತ್ತಿಲ್ಲ. ಅಲ್ಲಿದ್ದದ್ದೆಲ್ಲ ಒಂದೋ ಗೋಣಿಚೀಲ, ಇಲ್ಲವೇ ಹೊಟ್ಟೆಯ ಮೇಲೆ ಸರಿಯಾಗಿ ಹೊಳೆಯುವ ಕಲ್ಲು ಅಂಟಿಸಿದ್ದು. ಮೂರನೆಯದರಲ್ಲಿ ಒಂದು ಸುಮಾರಾಗಿ ಹೊಂದಿತು. ಟ್ರಯಲ್ ರೂಮಿನಲ್ಲಿ ಎರಡೂ ಕೈ ಮೇಲೆತ್ತಿ ನೋಡಿದೆ, ಅಂಚು ಮೊಣಕಾಲಿಗೆ ಬಂತು. ಅಂಗಡಿಯವಳು ಜಿಪ್ ಎಳೆಯುತ್ತಾ, “ಸ್ವಲ್ಪ ಉಸಿರು ಹಿಡ್ಕೊಳ್ಳಿ ಮೇಡಂ” ಎಂದಳು. “ಎಷ್ಟು ಹೊತ್ತಮ್ಮ? ಕಾರ್ಯಕ್ರಮ ಮೂರು ಗಂಟೆ ಇದೆ” ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ನಿಮ್ಮ ಭಾವನನ್ನು ಕೇಳಿದರೆ, ನೀನು ಏನು ಹಾಕಿಕೊಂಡರೂ ಚೆನ್ನಾಗಿರುತ್ತೆ ಎನ್ನುತ್ತಾರೆ, ಪೇಪರಿನಿಂದ ತಲೆ ಎತ್ತದೆ.

ಕಡುನೀಲಿ ಇರಲಿ. ಹೂವು, ಗೆರೆ, ಮಿನುಗು ಏನೂ ಬೇಡ, ಕೈ ಎದ್ದು ಕಾಣಬೇಕು. ತೋಳು ಮಣಿಕಟ್ಟಿನ ತನಕ. ಎದೆ ನಲವತ್ತೆಂಟು, ಸೊಂಟ ನಲವತ್ತನಾಲ್ಕು, ಹಿಪ್ ಐವತ್ತೆರಡು. ಅಳತೆ ಇದ್ದ ಹಾಗೇ ಹೊಲಿ.

ನಿನ್ನ ಅಕ್ಕ


ಮಾರ್ಚ್ ೮

ಅಕ್ಕನಿಗೆ,

ಪೂರ್ತಿ ಓದಿದೆ, ನಡುವೆ ಬಾಯಿ ಹಾಕಲಿಲ್ಲ. ಈಗ ನನ್ನ ಸರದಿ, ನೀನೂ ಹಾಕುವ ಹಾಗಿಲ್ಲ.

ಅಳತೆ ನೋಡಿದರೆ ಹೋದ ಸಲಕ್ಕಿಂತ ಸ್ವಲ್ಪ ಮೈ ತುಂಬಿಕೊಂಡಿದ್ದೀಯ ಅನ್ನಿಸುತ್ತದೆ. ಒಳ್ಳೆಯದೇ. ಭಾವ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ.

ಅಂಗಡಿಯವರ ಮೇಲೆ ಸಿಟ್ಟಾಗಬೇಡ, ಅಲ್ಲ, ಆಗು, ಆದರೆ ಯಾಕೆ ಎಂದು ತಿಳಿದುಕೊಂಡು ಆಗು. ಅವರು ಸಣಕಲು ಮೈಗೆ ಕತ್ತರಿಸಿದ ಗೌನನ್ನೇ ನಾಲ್ಕೂ ಕಡೆ ಎಳೆದು ದೊಡ್ಡದು ಮಾಡುತ್ತಾರೆ. ಎದೆ ದೊಡ್ಡದಾದರೆ ಹೆಗಲೂ ಅಷ್ಟೇ ಅಗಲವಾಗುತ್ತದೆ, ಕಂಕುಳು ಅಷ್ಟೇ ಕೆಳಗಿಳಿಯುತ್ತದೆ ಎಂದು ಅವರ ಲೆಕ್ಕ. ಕಂಕುಳು ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಬಟ್ಟೆ ಮೇಲೆ ಹೋಗುತ್ತದೆ. ಕೈ ಆಡಬೇಕಾದರೆ ಕಂಕುಳು ಮೇಲೆ, ಮೈಗೆ ಹತ್ತಿರ ಇರಬೇಕು, ಕೆಳಗೊಂದು ಚೌಕದ ತುಂಡು ಸೇರಿಸಬೇಕು. ಸಡಿಲ ಬೇರೆ, ಹಿತ ಬೇರೆ. ಇದನ್ನು ನನ್ನ ಗಿರಾಕಿಗಳಿಗೆ ಹೇಳಿ ಹೇಳಿ ಗಂಟಲು ಒಣಗಿದೆ. ನನ್ನ ಅಂಗಡಿಯ ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು, ನನ್ನ ಕುರ್ಚಿಯಲ್ಲಿ ಕೂತವರಿಗೂ ನಿಮ್ಮ ಭಾಷಣ ಕೇಳಿಸುತ್ತದಮ್ಮ ಎನ್ನುತ್ತಾರೆ.

ಅದಕ್ಕೇ ಹೇಳುತ್ತೇನೆ, ನೀನು ಕಳಿಸಿದ ಮೂರು ಅಳತೆ ಸಾಲದು. ಹೆಗಲಿಂದ ಹೆಗಲಿಗೆ, ಬೆನ್ನಿನ ಅಗಲ, ಕಂಕುಳಿನ ಸುತ್ತು, ಕೈ ಎತ್ತಿದಾಗ ಪಕ್ಕೆಯ ಉದ್ದ, ಇವೆಲ್ಲ ಬೇಕು. ಇವನ್ನು ತಾನೇ ತೆಗೆದುಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ತೆಗೆಯಬೇಕು. ನನ್ನ ಕಡೆ ಬಂದು ಒಂದು ಸಲವಾದರೂ ಅಳತೆ ಕೊಟ್ಟಿದ್ದೀಯಾ? ಹನ್ನೆರಡು ವರ್ಷದಿಂದ ಅಕ್ಕನ ಬಟ್ಟೆಯನ್ನು ಕಣ್ಣು ಕಟ್ಟಿಕೊಂಡು ಹೊಲಿಯುತ್ತಿದ್ದೇನೆ.

ಬಸ್ಸು ಹತ್ತು. ಇಲ್ಲವೇ ಯಾರ ಕೈಗಾದರೂ ಟೇಪು ಕೊಡು.

ಗುಬ್ಬಿ


ಮಾರ್ಚ್ ೧೩

ಗುಬ್ಬಿಗೆ,

ಬಸ್ಸು ಹತ್ತುವುದಕ್ಕೆ ರಜೆ ಇಲ್ಲ. ಟೇಪನ್ನು ಯಾರ ಕೈಗೂ ಕೊಡುವುದಿಲ್ಲ.

ಯಾಕೆ ಎಂದು ನಿನಗೆ ಗೊತ್ತಿಲ್ಲದಿರಬಹುದು. ಆಗ ನೀನು ಹನ್ನೊಂದು ವರ್ಷದವಳು, ನಾನು ಹದಿನಾಲ್ಕು. ಶಾಲೆಯ ವಾರ್ಷಿಕೋತ್ಸವದ ಪದ್ಯವಾಚನಕ್ಕೆ ನನಗೆ ಬಿಳಿ ಫ್ರಾಕ್ ಹೊಲಿಸಬೇಕಿತ್ತು. ಹೊಲಿಗೆ ಅತ್ತೆಯ ಅಂಗಡಿಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅತ್ತೆ ಅಳತೆ ತೆಗೆದಳು. ಅಂಗಡಿ ತುಂಬ ಜನ. ಅವಳು ಒಂದೊಂದು ಅಳತೆಯನ್ನೂ ಡಂಗುರ ಸಾರಿದ ಹಾಗೆ ಕೂಗಿ ಹೇಳಿದಳು. “ಎದೆ ಮೂವತ್ತಾರು. ಬರ್ಕೊಳ್ಳೇ ಗುಬ್ಬಿ. ಅಮ್ಮನಿಗಿಂತ ಮಗಳೇ ಜಾಸ್ತಿ ಇದಾಳಲ್ಲೇ.” ನೀನು ಮೂಲೆಯಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ಬಟ್ಟೆ ಕೊಡಲು ಬಂದಿದ್ದ ಇಬ್ಬರು ನಕ್ಕರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಒಂದು ವಾರದ ಮೇಲೆ ವೇದಿಕೆಯಲ್ಲಿ ಕೈ ಎತ್ತಿದೆ, ಫ್ರಾಕು ಕಂಕುಳಿಂದ ಸೊಂಟದ ತನಕ ಪರ್ರೆಂದು ಹರಿಯಿತು. ಪದ್ಯದ ಮೂರನೇ ಸಾಲು. ಉಳಿದದ್ದು ಹೇಳಲೇ ಇಲ್ಲ. ಅತ್ತೆ ಮನೆಗೆ ಬಂದು ಎಲ್ಲರೆದುರಿಗೆ, “ನನ್ನ ಹೊಲಿಗೇಲಿ ತಪ್ಪಿಲ್ಲ, ಇವಳೇ ವಾರದಲ್ಲಿ ಎರಡಿಂಚು ಊದಿದಾಳೆ” ಎಂದಳು. ನಾನು ನಂಬಿದೆ. ಎರಡು ವರ್ಷ ಅರೆಹೊಟ್ಟೆ ಉಂಡೆ. ಇವತ್ತಿಗೂ ವೇದಿಕೆಯ ಮೇಲೆ ಕೈ ಎತ್ತುವಾಗ ಪಕ್ಕೆಯ ಕಡೆ ಒಂದು ಕಿವಿ ಇಟ್ಟಿರುತ್ತೇನೆ. ಸ್ವೆಟರ್ ಯಾಕೆ ಹಾಕುತ್ತೇನೆ ಎಂದು ಕಾರ್ಯದರ್ಶಿಗಳಿಗೆ ಹೇಳಲು ಆಗುತ್ತದೆಯೇ?

ಆದ್ದರಿಂದ ಇರುವ ಮೂರು ಅಳತೆಯಲ್ಲೇ ಹೊಲಿ. ‘ಮೈ ತುಂಬಿಕೊಂಡಿದ್ದೀಯ’ ಎನ್ನುವ ಮಾತು ನೀನೂ ಆಡಬೇಕಾಗಿರಲಿಲ್ಲ.

ನಮ್ಮ ಶಾಲೆಗೆ ಇನ್ನೊಬ್ಬ ಅನುವಾದಕಿ ಬಂದಿದ್ದಾಳೆ ಎಂದು ಹೇಳಿದ್ದೆನಲ್ಲ, ಕಡ್ಡಿಯ ಹಾಗಿದ್ದಾಳೆ, ಯಾವ ಅಂಗಡಿಗೆ ಹೋದರೂ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾಳೆ. ಅವಳಿಗೆ ಹದಿನೆಂಟನೇ ತಾರೀಖು ಬಿಡುವಿದೆಯಂತೆ. ಸುಮ್ಮನೆ ಹೇಳಿದೆ.

ನಿನ್ನ ಅಕ್ಕ


ಮಾರ್ಚ್ ೨೩
(ಪಾರ್ಸಲ್ಲಿನೊಳಗೆ)

ಅಕ್ಕ,

ಇಗೋ. ಕಡುನೀಲಿ ಕ್ರೇಪು, ಒಳಗೆ ಹತ್ತಿಯ ಲೈನಿಂಗು, ಸೆಕೆಯಾಗುವುದಿಲ್ಲ. ಸುಕ್ಕಾಗುವುದಿಲ್ಲ. ಎದೆಯ ಕೆಳಗಿಂದ ನೇರ ಇಳಿಸಿದ್ದೇನೆ, ಸೊಂಟದ ಹತ್ತಿರ ಎಲ್ಲೂ ಹಿಡಿಯುವುದಿಲ್ಲ. ಎಷ್ಟು ಬೇಕಾದರೂ ಕೈ ಎತ್ತು. ಹರಿಯುವುದಿಲ್ಲ, ಅದರ ಹೊಣೆ ನನ್ನದು.

ಹಾಕಿಕೊಂಡು ನೋಡಿ ಬರೆ. ಬೈಯುವುದಿದ್ದರೂ ಬರೆ.

ಗುಬ್ಬಿ


ಮಾರ್ಚ್ ೨೭

ಗುಬ್ಬಿ,

ಬೈಯುವುದಿದ್ದರೂ ಬರೆ ಎಂದಿದ್ದೀಯ. ಬರೆಯುತ್ತೇನೆ.

ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಊರಿಗೆ ಹೋಗುವವರು ಧೂಳು ಕೂರದಿರಲಿ ಎಂದು ಹೊದಿಕೆ ಹಾಕಿಟ್ಟ ಸೋಫಾದ ಹಾಗಿದ್ದೆ. ಹೆಗಲು ತೋಳಿಗೆ ಜಾರುತ್ತದೆ. ಬೆನ್ನಲ್ಲಿ ಇನ್ನೊಬ್ಬಳು ಅಡಗಿ ಕೂರುವಷ್ಟು ಜಾಗವಿದೆ. ಕೈ ಎತ್ತಿದೆ, ಇಡೀ ಗೌನು ನನ್ನ ಜೊತೆ ಎದ್ದು ಬಂತು, ಅಂಗಡಿಯದರ ಹಾಗೆಯೇ. ಕಂಕುಳು, ಚೌಕದ ತುಂಡು ಎಂದೆಲ್ಲ ನನಗೆ ಪಾಠ ಮಾಡಿದವಳು ನೀನೇ ತಾನೆ?

ಟೇಪು ತಂದು ಗೌನನ್ನೇ ಅಳೆದೆ. ಉಸಿರಾಟಕ್ಕೆ ಬಿಡುವುದನ್ನು ಕಳೆದ ಮೇಲೂ ಎದೆ ಐವತ್ತು. ಸೊಂಟ, ಹಿಪ್ಪು, ಎಲ್ಲ ಕಡೆ ಲೆಕ್ಕ ಹಾಕಿದ ಹಾಗೆ ಎರಡೆರಡು ಇಂಚು ಜಾಸ್ತಿ. ಕೈ ತಪ್ಪಿದ್ದಲ್ಲ ಇದು.

ಒಂದು ವಿಷಯ ಹೇಳುತ್ತೇನೆ, ಕೇಳು. ಹನ್ನೆರಡು ವರ್ಷದಿಂದ ನಿನಗೆ ಕಳಿಸಿದ ಅಳತೆಯೆಲ್ಲ ಸುಳ್ಳು. ಪ್ರತಿ ಸಲವೂ ಕಡಿಮೆ ಮಾಡಿ ಬರೆಯುತ್ತಿದ್ದೆ, ನಾಚಿಕೆಗೆ. ಆದರೂ ನಿನ್ನ ಬಟ್ಟೆ ಸರಿಯಾಗೇ ಆಗುತ್ತಿತ್ತು, ನಿನ್ನ ಕೈಗುಣ ಅಂದುಕೊಂಡಿದ್ದೆ. ಈ ಸಲ ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ ಮೂರು ಸಲ ಅಳೆದು, ಜೀವನದಲ್ಲಿ ಮೊದಲನೇ ಸಲ ಇದ್ದದ್ದು ಇದ್ದ ಹಾಗೆ ಬರೆದೆ. ನಲವತ್ತೆಂಟು ಎಂದು ಬರೆಯಲು ನನಗೆ ಎಷ್ಟು ಹೊತ್ತು ಬೇಕಾಯಿತು ಗೊತ್ತಾ? ಅದೂ ನಿನಗೆ ಸಾಲಲಿಲ್ಲ. ನಿನ್ನ ಕಣ್ಣಿಗೆ ನಾನು ಅದಕ್ಕಿಂತ ದಪ್ಪ.

ಅಂಗಡಿಯವಳು ಹೊರಗಿನವಳು. ಅತ್ತೆ ಬಾಯಿಬಡುಕಿ, ಈಗಿಲ್ಲ. ನೀನು ಹೀಗೆ ಮಾಡಬಾರದಿತ್ತು.

ಹದಿನೆಂಟನೇ ತಾರೀಖಿಗೆ ನನ್ನ ಸಹೋದ್ಯೋಗಿಯೇ ನಿಲ್ಲಲಿ ಎಂದು ಕಾರ್ಯದರ್ಶಿಗಳಿಗೆ ಬರೆಯುತ್ತೇನೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ಅಕ್ಕ


ಮಾರ್ಚ್ ೩೧

ಅಕ್ಕ,

ಕಾರ್ಯದರ್ಶಿಗಳಿಗೆ ಬರೆಯಬೇಡ. ಇದನ್ನು ಓದುವ ತನಕವಾದರೂ ಬರೆಯಬೇಡ.

ಕೈ ತಪ್ಪಿದ್ದಲ್ಲ, ನಿಜ. ನೀನು ಕಳಿಸಿದ ಅಳತೆಗೆ ನಾನು ಪ್ರತಿ ಸಲ ಎರಡಿಂಚು ಸೇರಿಸಿಯೇ ಕತ್ತರಿಸುವುದು. ಹನ್ನೆರಡು ವರ್ಷದಿಂದ. ನೀನು ಕಡಿಮೆ ಬರೆಯುತ್ತೀಯ ಎಂದು ಮೊದಲನೇ ಸಲವೇ ಗೊತ್ತಾಗಿತ್ತು. ನೀನು ಕಳೆಯುತ್ತಿದ್ದೆ, ನಾನು ಕೂಡುತ್ತಿದ್ದೆ, ಬಟ್ಟೆ ಸರಿಯಾಗುತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಈ ಸಲ ನಲವತ್ತೆಂಟು ಎಂದು ನೋಡಿದಾಗ ನೀನು ಸತ್ಯ ಬರೆದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ‘ಇದ್ದ ಹಾಗೇ ಹೊಲಿ’ ಎಂದು ನೀನು ಬರೆದದ್ದನ್ನು ಓದಿ ನಕ್ಕಿದ್ದೆ. ಹೆಗಲು, ಕಂಕುಳನ್ನೂ ಆ ಐವತ್ತಕ್ಕೇ ಅಂದಾಜು ಮಾಡಿದೆ. ಅದಕ್ಕೇ ಕೈ ಎತ್ತಿದಾಗ ಅದು ಎದ್ದು ಬಂದದ್ದು.

ಇಷ್ಟೇ ಆಗಿದ್ದರೆ ಒಂದು ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಇನ್ನೊಂದಿದೆ. ಅದನ್ನು ಬರೆಯಲು ಕೂತು ಇದು ಮೂರನೇ ಹಾಳೆ.

ಅತ್ತೆಯ ಅಂಗಡಿಯ ದಿನ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಮೂವತ್ತಾರು ಎಂದು ಕೂಗಿದಾಗ ನಾನು ತಲೆ ಎತ್ತಿ ನಿನ್ನ ಮುಖ ನೋಡಿದೆ. ನನಗೆ ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಮೂವತ್ತನಾಲ್ಕು ಎಂದು ಬರೆದೆ. ಸೊಂಟಕ್ಕೂ ಎರಡು ಕಡಿಮೆ ಬರೆದೆ. ಪುಸ್ತಕದಲ್ಲಾದರೂ ಅಕ್ಕ ಸಣ್ಣಗಿರಲಿ, ನಾಳೆ ಯಾರಾದರೂ ತೆರೆದು ನೋಡಿದರೆ ನಗದಿರಲಿ ಎಂದು. ಹನ್ನೊಂದು ವರ್ಷದ ತಲೆ, ಆ ಸಂಖ್ಯೆ ನೋಡಿಯೇ ಬಟ್ಟೆ ಕತ್ತರಿಸುತ್ತಾರೆ ಎಂದು ಯೋಚಿಸಲಿಲ್ಲ. ಅತ್ತೆ ಪುಸ್ತಕ ನೋಡಿ ಕತ್ತರಿಸಿದಳು.

ನೀನು ಊದಿರಲಿಲ್ಲ ಅಕ್ಕ. ನಿನ್ನ ಮೈಯದು ತಪ್ಪಿರಲಿಲ್ಲ. ಫ್ರಾಕೇ ಎರಡಿಂಚು ಚಿಕ್ಕದಿತ್ತು.

ಅತ್ತೆ ಮನೆಗೆ ಬಂದು ಕೂಗಾಡಿದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೆದರಿಕೆಯಾಯಿತು, ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆ ಬರುವಷ್ಟರಲ್ಲಿ ಮೂವತ್ತೆರಡು ವರ್ಷವಾಯಿತು. ಕತ್ತರಿ ಹಿಡಿದಾಗಿನಿಂದ ನಿನ್ನ ಬಟ್ಟೆ ಎಲ್ಲೂ ಬಿಗಿಯಾಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಅದಕ್ಕೇ ಆ ಎರಡಿಂಚು. ನಿನ್ನನ್ನು ದಪ್ಪ ಎಂದು ಲೆಕ್ಕ ಹಾಕಿದ್ದಲ್ಲ, ನನ್ನ ಪಾಪದ ಲೆಕ್ಕ ಅದು.

ಬೈದು ಬರೆ. ಸುಮ್ಮನಿರಬೇಡ.

ಗುಬ್ಬಿ


ಏಪ್ರಿಲ್ ೬

ಅಕ್ಕ,

ಗೌನು ವಾಪಸು ಬಂತು. ಒಳಗೆ ಪತ್ರವಿದೆಯೇನೋ ಎಂದು ಲೈನಿಂಗಿನ ತನಕ ತಡಕಿದೆ. ಒಂದು ಚೀಟಿಯೂ ಇಲ್ಲ.

ಫೋನ್ ಮಾಡಿದೆ. ಭಾವ ಎತ್ತಿಕೊಂಡು, “ಅವಳು ಶಾಲೆಗೆ ಹೋಗಿದಾಳಮ್ಮ” ಎಂದರು. ಭಾನುವಾರ ಯಾವ ಶಾಲೆ ಎಂದು ನಾನು ಕೇಳಲಿಲ್ಲ.

ಗೌನಿನ ಹೊಲಿಗೆ ಪೂರ್ತಿ ಬಿಚ್ಚಿದ್ದೇನೆ. ಈಗ ಅದು ಮೇಜಿನ ಮೇಲೆ ಹದಿನಾಲ್ಕು ತುಂಡು. ಇನ್ನು ಹನ್ನೆರಡು ದಿನ ಇದೆ. ಬಟ್ಟೆ ಸಾಕಷ್ಟಿದೆ, ಚಿಕ್ಕದು ಮಾಡುವುದು ಕಷ್ಟವಲ್ಲ. ನಾನು ಒಂದು ಕೂದಲೆಳೆಯೂ ಸೇರಿಸುವುದಿಲ್ಲ, ಕಳೆಯುವುದಿಲ್ಲ. ಆದರೆ ಸರಿಯಾದ ಅಳತೆ ಬೇಕು, ಹೆಗಲು, ಬೆನ್ನು, ಕಂಕುಳು ಎಲ್ಲ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಅದಕ್ಕೋಸ್ಕರ ಮೇಷ್ಟ್ರ ಮಾತನ್ನು ಆ ಕಡ್ಡಿಯ ಕೈಗೆ ಕೊಡಬೇಡ.

ಗುಬ್ಬಿ


ಏಪ್ರಿಲ್ ೯

ಗುಬ್ಬಿಗೆ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಬರೆದದ್ದೆಲ್ಲ ಹರಿದು ಹಾಕುವ ಹಾಗಿತ್ತು. ನೀನು ಬರೆದ ಮೂವತ್ತನಾಲ್ಕನ್ನು ನಾನು ಕ್ಷಮಿಸಬಲ್ಲೆ. ಅದು ಮಗುವಿನ ಕೆಲಸ. ಬಾಗಿಲ ಹಿಂದೆ ನಿಂತದ್ದನ್ನೂ ಕ್ಷಮಿಸಬಹುದೇನೋ. ಆಮೇಲಿನದ್ದು ಆಗುತ್ತಿಲ್ಲ. ನಿನಗೆ ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತು ದಾಟಿತು. ನಾನು ಊಟದ ಮುಂದೆ ಕೂತು ಲೆಕ್ಕ ಹಾಕುವುದನ್ನು ನೀನು ನೋಡುತ್ತಲೇ ಇದ್ದೆ. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವುದನ್ನೂ ನೋಡಿದೆ. ಒಂದು ಮಾತು, ಗುಬ್ಬಿ. ಒಂದೇ ಒಂದು ಮಾತು ಸಾಕಿತ್ತು.

ಹೋದ ವಾರ ಬಡಗಿ ಮೇಷ್ಟ್ರ ಕಾರ್ಯಾಗಾರಕ್ಕೆ ಹೋದೆ, ನಾನು ಬರುವುದಿಲ್ಲ ಎಂದು ಹೇಳಲು. ಅವರು ಒಂದು ಡ್ರಾಯರಿಗೆ ಉಜ್ಜುಕಾಗದ ಹಾಕುತ್ತಿದ್ದರು. ಯಾಕೆ ಎಂದು ಕೇಳಿದರು. ಏನೋ ಒಂದು ನೆಪ ಹೇಳಬೇಕು ಎಂದುಕೊಂಡವಳು ಎಲ್ಲ ಹೇಳಿಬಿಟ್ಟೆ. ಅತ್ತೆ, ಫ್ರಾಕು, ಎರಡಿಂಚು, ನೀನು, ಎಲ್ಲ. ಕೈಯಲ್ಲಿ ಹೇಳುವುದು ಬಾಯಲ್ಲಿ ಹೇಳಿದ ಹಾಗಲ್ಲ, ಗಂಟಲು ಕಟ್ಟುವುದಿಲ್ಲ, ನಡುವೆ ನಿಲ್ಲಿಸಲು ನೆಪ ಸಿಗುವುದಿಲ್ಲ.

ಅವರು ಸಮಾಧಾನ ಹೇಳಲಿಲ್ಲ. ಗೋಡೆಗೆ ಒರಗಿಸಿಟ್ಟ ಹಾಳಾದ ಹಲಗೆಗಳನ್ನು ತೋರಿಸಿದರು. ಮೂವತ್ತು ವರ್ಷದಲ್ಲಿ ಮಕ್ಕಳು ಅಳತೆ ತಪ್ಪಿ ಕೊಯ್ದ ಹಲಗೆ ಸಾವಿರ ನೋಡಿದ್ದೇನೆ, ಮಕ್ಕಳಿಗೆ ಬೈದಿದ್ದೇನೆ, ಗರಗಸಕ್ಕೆ ಬೈದಿದ್ದೇನೆ, ಹಲಗೆಗೆ ಯಾವತ್ತೂ ಬೈದಿಲ್ಲ ಎಂದರು. ಆಮೇಲೆ ಮತ್ತೆ ಉಜ್ಜುಕಾಗದ ತೆಗೆದುಕೊಂಡರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ನಿನ್ನ ಆರನೇ ತಾರೀಖಿನ ಪತ್ರ ನಿನ್ನೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಮೇಷ್ಟ್ರ ಹೆಂಡತಿಯ ಹತ್ತಿರ ಹೋದೆ. ಅವರು ಶಾಲೆಯ ಲೈಬ್ರರಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವವರು. ಅವರಿಗೂ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಟೇಪು ಅವರದೇ ಇತ್ತು. ಬಾಗಿಲು ಹಾಕಿದರು. ಒಂದೊಂದೇ ಅಳತೆ ತೆಗೆದರು, ತೆಗೆದು ನನ್ನ ಮುಖದೆದುರು ಬೆರಳಿನಲ್ಲಿ ತೋರಿಸಿದರು. ನಾಲ್ಕು ಬೆರಳು, ಆಮೇಲೆ ಎಂಟು. ನಾಲ್ಕು, ಆಮೇಲೆ ನಾಲ್ಕು. ಅದೇ ಬೆರಳುಗಳಲ್ಲಿ ಅವರು ದಿನಾ ನನಗೆ ಗಂಟೆ ಎಷ್ಟಾಯಿತು, ಎಷ್ಟು ಪುಸ್ತಕ ಬಂತು ಎಂದು ಹೇಳುತ್ತಾರೆ. ನಲವತ್ತೆಂಟು ಕೂಡ ಅಷ್ಟೇ ಸಪ್ಪೆಯಾಗಿ ಬಂತು. ಕೋಣೆಯಲ್ಲಿ ಒಂದು ಸದ್ದಿಲ್ಲ. ನಾನೇ ಬರೆದುಕೊಂಡೆ.

ಹಾಳೆಯನ್ನು ಇದರ ಜೊತೆಗಿಟ್ಟಿದ್ದೇನೆ. ಹನ್ನೊಂದು ಅಳತೆ ಇವೆ. ಕಾರ್ಯದರ್ಶಿಗಳಿಗೆ ನಾನು ಬರೆದಿರಲಿಲ್ಲ. ಬರೆಯಲು ಕೂತು ಬರೆದದ್ದನ್ನೂ ಹರಿದು ಹಾಕಿದ್ದೆ.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ.

ಅಕ್ಕ


ಏಪ್ರಿಲ್ ೧೩
(ಪಾರ್ಸಲ್ಲಿನೊಳಗೆ)

ಅಕ್ಕ,

ಸೇರಿಸಿಲ್ಲ. ಕಳೆದಿಲ್ಲ. ಕಂಕುಳು ಮೇಲಿದೆ, ಮೊದಲು ಬಿಗಿ ಅನ್ನಿಸಬಹುದು, ಹೆದರಬೇಡ, ಕೈ ಎತ್ತಿ ನೋಡು.

ಗುಬ್ಬಿ


ಏಪ್ರಿಲ್ ೧೯

ಗುಬ್ಬಿಗೆ,

ಮೊದಲು ತಕರಾರು. ಅಂಚು ಎಡಗಡೆ ಕಾಲಿಂಚು ಇಳಿದಿದೆ. ಜೇಬು ಇಟ್ಟಿಲ್ಲ, ಕರವಸ್ತ್ರ ಎಲ್ಲಿಡಲಿ, ಮೂರು ಗಂಟೆ ಮುಷ್ಟಿಯಲ್ಲಿಟ್ಟುಕೊಂಡರೆ ಸನ್ನೆ ಹೇಗೆ ಮಾಡಲಿ? ಕೊನೆಗೆ ನಿಮ್ಮ ಭಾವನ ಜೇಬಿನಲ್ಲಿಟ್ಟೆ, ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಪೇಪರ್ ತಂದಿರಲಿಲ್ಲ.

ಹಾಕಿಕೊಂಡಾಗ ನೀನು ಹೇಳಿದ ಹಾಗೆ ಕಂಕುಳಲ್ಲಿ ಬಿಗಿ ಅನ್ನಿಸಿತು. ಕೋಣೆಯಲ್ಲಿ ಕೈ ಎತ್ತಿದೆ. ಅಂಚು ಇದ್ದಲ್ಲೇ ಇತ್ತು. ಇನ್ನೊಂದು ಸಲ ಎತ್ತಿದೆ. ಆಮೇಲೆ ಸುಮ್ಮನೆ ಹತ್ತು ಸಲ ಎತ್ತಿದೆ, ನಿಮ್ಮ ಭಾವ ಬಾಗಿಲಲ್ಲಿ ಬಂದು ವ್ಯಾಯಾಮ ಶುರು ಮಾಡಿದೆಯಾ ಎಂದು ಕೇಳುವ ತನಕ. ಆಮೇಲೆ ಅವರು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. “ಇದು ನಿನ್ನದೇ ಬಟ್ಟೆ ಅನ್ನಿಸುತ್ತೆ” ಎಂದರು. ಅವರು ಅಷ್ಟು ಹೇಳಿದ್ದೇ ಹೆಚ್ಚು.

ಪುರಭವನದಲ್ಲಿ ಕಾರ್ಯದರ್ಶಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೈಕ್ ಸರಿಮಾಡಲು ಹೋದರು. ಸ್ವೆಟರ್ ಮನೆಯಲ್ಲಿತ್ತು. ವೇದಿಕೆಯ ನಡುವೆ, ದೀಪದ ಕೆಳಗೆ, ಮೇಷ್ಟ್ರ ಪಕ್ಕದಲ್ಲೇ ನಿಂತೆ. ಅವರು ಹೆಚ್ಚು ಮಾತಾಡಲಿಲ್ಲ. ನನಗೆ ಹಲಗೆ ಎಂದರೆ ಇಷ್ಟ, ಅದಕ್ಕಿಂತ ಅದನ್ನು ಹಾಳುಮಾಡಿದ ಮಕ್ಕಳು ಇಷ್ಟ ಎಂದರು. ಅದನ್ನು ನನ್ನ ಬಾಯಲ್ಲಿ ಹೇಳುವಾಗ ನಿನ್ನ ನೆನಪು ಬಂತು. ಬೇಕೆಂದೇ ಹೇಳಿದರೋ, ಸುಮ್ಮನೆ ಹೇಳಿದರೋ, ನನ್ನ ಕಡೆ ತಿರುಗಿ ನೋಡಲಿಲ್ಲ.

ಅವರ ಮಾತು ಮುಗಿದಾಗ ಕಿವಿ ಕೇಳುವವರು ಚಪ್ಪಾಳೆ ತಟ್ಟಿದರು. ಕಿವಿ ಕೇಳದವರ ಚಪ್ಪಾಳೆ ಬೇರೆ. ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ ಬೆರಳು ಅಲ್ಲಾಡಿಸುವುದು. ಇನ್ನೂರು ಜನ, ನಾನೂರು ಕೈ, ಒಂದು ಸದ್ದಿಲ್ಲ. ನಾನೂ ಎತ್ತಬೇಕಿತ್ತು. ಎತ್ತಿದೆ, ತೋಳು ಕಿವಿಗೆ ತಾಗುವಷ್ಟು. ಪಕ್ಕೆಯ ಕಡೆ ಕಿವಿ ಇಟ್ಟಿದ್ದೆ, ಅಭ್ಯಾಸ. ಏನೂ ಕೇಳಲಿಲ್ಲ. ಎಲ್ಲರೂ ಇಳಿಸಿದ ಮೇಲೂ ನಾನು ಇಳಿಸಿರಲಿಲ್ಲ, ಮೇಷ್ಟ್ರು ಮೆಲ್ಲಗೆ ಮೊಣಕೈ ಮುಟ್ಟಿ ಸಾಕು ಎಂದರು.

ಮನೆಗೆ ಬಂದ ಮೇಲೆ ಸಿಟ್ಟು ಇನ್ನೂ ಇದೆಯೇ ಎಂದು ನೋಡಿಕೊಂಡೆ. ಇದೆ. ನಿನಗೆ ಸುಳ್ಳು ಬರೆಯುವುದನ್ನು ಬಿಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ದಿನದ ರಜೆ ಹಾಕಿದ್ದೇನೆ. ಶಾಲೆಗೆ ದಿನಾ ಹಾಕಿಕೊಳ್ಳಲು ಎರಡು ಬೇಕು, ಜೇಬು ಇರಬೇಕು. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಇರಲಿ, ಯಾರನ್ನೂ ಹೊರಗೆ ಕಳಿಸಬೇಡ, ಬಾಗಿಲೂ ಹಾಕಬೇಡ. ಅಳತೆ ನೀನೇ ತೆಗಿ, ಕೆಳಗಿನ ಹಲ್ಲಿನ ಡಾಕ್ಟರಿಗೂ ಕೇಳಿಸುವ ಹಾಗೆ ಜೋರಾಗಿ ಹೇಳು.

ಬರೆದುಕೊಳ್ಳುವವಳು ಮಾತ್ರ ನಾನು.

ನಿನ್ನ ಅಕ್ಕ